ಆರಿಸುವ ಮುನ್ನ ಒಂದು ಕ್ಷಣ

ವಿಂಡೋಸ್ 95 ಬಳಸಿದವರಿಗೆ ಆ ಕಪ್ಪು ಪರದೆ ನೆನಪಿರಬಹುದು. ಕೆಲಸ ಮುಗಿಸಿ ‘ಶಟ್ ಡೌನ್’ ಒತ್ತಿದರೆ ಎಷ್ಟೋ ಯಂತ್ರಗಳು ತಾವಾಗಿ ಆರುತ್ತಿರಲಿಲ್ಲ. ಇನ್ನು ಆರಿಸಬಹುದೆಂದು ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ ತಿಳಿಸಿ ಸುಮ್ಮನೆ ಕಾಯುತ್ತಿದ್ದವು. ಸ್ವಿಚ್ ಒತ್ತುವ ಕೆಲಸ ನಮ್ಮದು. ಇದೆಂಥ ಸೋಮಾರಿತನ ಎನಿಸುತ್ತಿತ್ತು. ಆ ಕಾಯುವಿಕೆಯ ಬೆಲೆ ತಿಳಿದದ್ದು ಅದು ಮಾಯವಾದ ಮೇಲೆಯೇ.

ಐಬಿಎಂ ಕಂಪನಿ 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. 1983ರ ಪಿಸಿ ಎಕ್ಸ್‌ಟಿ ಹೊತ್ತಿಗೆ ಡಿಸ್ಕು ಮೇಜಿನ ಮೇಲಿನ ಪೆಟ್ಟಿಗೆಯೊಳಗೆ ಸೇರಿಹೋಗಿತ್ತು. ತತ್ತ್ವ ಮಾತ್ರ ಅದೇ: ತಿರುಗುವ ತಟ್ಟೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುವ ‘ಹೆಡ್’. ವಿದ್ಯುತ್ ನಿಂತರೆ ಹೆಡ್ ತಟ್ಟೆಯ ಮೇಲೆ ಇಳಿಯುತ್ತದೆ. ಆದ್ದರಿಂದ ಯಂತ್ರವನ್ನು ಎತ್ತಿಡುವ ಮುನ್ನ ‘ಪಾರ್ಕ್’ ಎಂಬ ಪುಟ್ಟ ಪ್ರೋಗ್ರಾಂ ನಡೆಸಿ, ಹೆಡ್ಡನ್ನು ಮಾಹಿತಿಯಿಲ್ಲದ ಜಾಗಕ್ಕೆ ಒಯ್ದು ನಿಲ್ಲಿಸಬೇಕಿತ್ತು. ನಂತರದ ಡಿಸ್ಕುಗಳು ಇದನ್ನು ತಾವೇ ಕಲಿತವು. ಕರೆಂಟು ಹೋದರೂ ತಟ್ಟೆ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದಲ್ಲ, ಆಗ ಮೋಟಾರೇ ಸೈಕಲ್ಲಿನ ಡೈನಮೋದಂತೆ ವಿದ್ಯುತ್ ಹುಟ್ಟಿಸಿ ಹೆಡ್ಡನ್ನು ಬದಿಗೆ ಎಳೆದುಕೊಳ್ಳುತ್ತದೆ.

ಹೆಡ್ಡೇನೋ ಬದುಕಿತು. ಬರೆಯಬೇಕಿದ್ದ ಮಾಹಿತಿಯ ಗತಿ? ವೇಗಕ್ಕಾಗಿ ಡಿಸ್ಕುಗಳು ‘ಕ್ಯಾಷ್’ ಎಂಬ ಸಣ್ಣ ನೆನಪಿನಂಗಳ ಇಟ್ಟುಕೊಂಡವು. ಕೊಟ್ಟದ್ದನ್ನು ಅಲ್ಲಿಟ್ಟು ‘ಬರೆದಾಯಿತು’ ಎಂದುಬಿಡುತ್ತವೆ. ನಿಜವಾಗಿ ಬರೆಯುವುದು ಆಮೇಲೆ. ಅಂಗಡಿಯವರು ಸಾಲವನ್ನು ಚೀಟಿಯಲ್ಲಿ ಗೀಚಿಟ್ಟು ರಾತ್ರಿ ಖಾತೆ ಪುಸ್ತಕಕ್ಕೆ ಏರಿಸುವುದಿಲ್ಲವೆ, ಹಾಗೆ. ವಿದ್ಯುತ್ ಹೋದರೆ ಚೀಟಿಯೂ ಹೋಯಿತು.

1995ರಲ್ಲಿ ಇಂಟೆಲ್ ರೂಪಿಸಿದ ‘ಎಟಿಎಕ್ಸ್’ ಮಾದರಿ ವಿದ್ಯುತ್ ಕಡಿಯುವ ಅಧಿಕಾರವನ್ನು ಸಾಫ್ಟ್‌ವೇರಿಗೂ ಕೊಟ್ಟಿತು. ಪ್ರೊಸೆಸರುಗಳು ಚುರುಕಾದವು, ಕ್ಯಾಷ್ ದೊಡ್ಡದಾಯಿತು. ವಿಂಡೋಸ್ 98 ಮತ್ತು 2000ದ ವಿಂಡೋಸ್ ಎಂಇ ನಡೆಸುವ ಕೆಲವು ಯಂತ್ರಗಳು, ಡಿಸ್ಕು ಬರೆದು ಮುಗಿಸುವ ಮೊದಲೇ ಆರಿಹೋಗತೊಡಗಿದವು. ಮೈಕ್ರೋಸಾಫ್ಟ್ ತಿದ್ದುಪಡಿ ಹೊರಡಿಸಬೇಕಾಯಿತು. ಅದು ಮಾಡಿದ್ದೇನು ಗೊತ್ತೆ? ಆರಿಸುವ ಮುನ್ನ ಸ್ವಲ್ಪ ಕಾಯುವುದು!

ಮೂಲ ತೊಡಕು ಯಜಮಾನಿಕೆಯದು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ತಂದ ‘ಎಪಿಎಂ’ ಏರ್ಪಾಡಿನಲ್ಲಿ ಯಾವುದನ್ನು ಮಲಗಿಸಬೇಕೆಂಬ ತೀರ್ಮಾನ ಬಹುಮಟ್ಟಿಗೆ ‘ಬಯಾಸ್’ ಎಂಬ ಕೆಳಹಂತದ ತಂತ್ರಾಂಶದ್ದಾಗಿತ್ತು. ಯಾರು ಏನು ಕೆಲಸದಲ್ಲಿದ್ದಾರೆಂದು ಅದಕ್ಕೆ ಸರಿಯಾಗಿ ತಿಳಿಯದು. ಆ ಎರಡು ಕಂಪನಿಗಳು ತೋಷಿಬಾ ಜತೆಗೂಡಿ 1996ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಎಸಿಪಿಐ’ ಈ ಅಧಿಕಾರವನ್ನು ಕಾರ್ಯಾಚರಣಾ ವ್ಯವಸ್ಥೆಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ಗೆ, ವಹಿಸಿತು.

ವಿಂಡೋಸ್ 2000 ಮತ್ತು ಅದರ ಸಂತತಿಯಲ್ಲಿ ಮಲಗುವ ಆಜ್ಞೆ ಡಿಸ್ಕಿನ ‘ಡ್ರೈವರ್’ಗೆ ಕೋರಿಕೆಯಾಗಿ ಬರುತ್ತದೆ. ಡ್ರೈವರ್ ಎಂದರೆ ವ್ಯವಸ್ಥೆಗೂ ಡಿಸ್ಕಿಗೂ ನಡುವಿನ ದುಭಾಷಿ ಪ್ರೋಗ್ರಾಂ. ಅದು ಹೊಸ ಕೆಲಸಗಳನ್ನು ಸರದಿಯಲ್ಲಿ ನಿಲ್ಲಿಸಿ, ಕ್ಯಾಷ್ ಖಾಲಿ ಮಾಡಿಸಿ, ತಟ್ಟೆಯನ್ನು ನಿಲ್ಲಿಸಿ, ಅನಂತರವೇ ಕೋರಿಕೆಯನ್ನು ಕೆಳಗಿನ ಡ್ರೈವರ್‌ಗೆ ದಾಟಿಸುತ್ತದೆ. ಏಳುವಾಗ ಕ್ರಮ ತಿರುವುಮುರುವು: ಮೊದಲು ಕೆಳಗಿನವರು ಏಳಬೇಕು. ಇನ್ನೊಂದು ಸ್ವಾರಸ್ಯ. ಡಿಸ್ಕನ್ನು ಎಬ್ಬಿಸುವ ಸೂಚನೆಗಳು ಆ ಹೊತ್ತಿಗೆ ಡಿಸ್ಕಿನಲ್ಲೇ ಉಳಿದಿರಬಾರದು, ಮುಖ್ಯ ಮೆಮೊರಿಯಲ್ಲೇ ಸಿದ್ಧವಿರಬೇಕು. ಇಲ್ಲವಾದರೆ ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಬರೆಯುವವರು ಇದನ್ನು ಮರೆತರೆ ಯಂತ್ರ ಏಳದೆ ಸ್ತಬ್ಧವಾಗುತ್ತದೆ.

ಈಗಿನ ಎಸ್‌ಎಸ್‌ಡಿಗಳಲ್ಲಿ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಆದರೂ ಆರಿಸುವ ಮುನ್ನ ಡ್ರೈವರ್ ಅವಕ್ಕೆ ಸುದ್ದಿ ಮುಟ್ಟಿಸಲೇಬೇಕು. ಎನ್‌ವಿಎಂಇ ಎಂಬ ಬಗೆಯವಂತೂ, ಹೀಗೆ ಹೇಳದೆ ಕೇಳದೆ ಎಷ್ಟು ಸಲ ತಮ್ಮ ವಿದ್ಯುತ್ ಕಡಿಯಲಾಯಿತೆಂದು ತಮ್ಮೊಳಗೇ ಲೆಕ್ಕ ಬರೆದಿಟ್ಟುಕೊಳ್ಳುತ್ತವೆ.