ಪಿಟ್ ಗುಂಡಿ ಕಟ್ಟಿಕೊಂಡರೆ ಇಳಿಯುವವರು ಯಾರು?

ಹೊಸ ಮನೆ ಕಟ್ಟಿದವರು ಹೇಳಿಕೊಳ್ಳುವ ಒಂದು ಹೆಮ್ಮೆಯ ಮಾತಿದೆ. "ನಮ್ಮ ಪಿಟ್ ಗುಂಡಿ ಇಪ್ಪತ್ತು ಅಡಿ ಆಳ, ನಮ್ಮ ಕಾಲಕ್ಕಂತೂ ತುಂಬಲ್ಲ." ತುಂಬುವ ಮೊದಲೇ ಅದು ಕಟ್ಟಿಕೊಳ್ಳಬಹುದು ಎಂದು ಯಾರೂ ಯೋಚಿಸುವುದಿಲ್ಲ. ಕಟ್ಟಿಕೊಂಡ ದಿನ ಯಾರನ್ನು ಕರೆಯುತ್ತೀರಿ ಎಂದು ಕೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ.

ಸೆಪ್ಟಿಕ್ ಟ್ಯಾಂಕ್ ಹುಟ್ಟಿದ್ದು ಫ್ರಾನ್ಸಿನಲ್ಲಿ. ಸುಮಾರು 1860ರಲ್ಲಿ ಝಾನ್ ಲೂಯಿ ಮೂರಾ ಎಂಬಾತ ಮನೆಯ ಕೊಳಚೆಗೆ ಕಲ್ಲು ಗಾರೆಯ ತೊಟ್ಟಿಯೊಂದನ್ನು ಕಟ್ಟಿದ. ಹತ್ತು ಹನ್ನೆರಡು ವರ್ಷಗಳ ನಂತರ ಮುಚ್ಚಳ ತೆಗೆದು ನೋಡಿದರೆ ಒಳಗೆ ಗಟ್ಟಿ ಮಲ ಹೆಚ್ಚೇನೂ ಇರಲಿಲ್ಲ, ಬರೀ ನೀರಿನಂಥದ್ದು. ಗಾಳಿಯಾಡದ ಕಡೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಕರಗಿಸಿದ್ದವು. 1881ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಆಗ ಈ ತೊಟ್ಟಿಯನ್ನು ಕರೆದ ಹೆಸರಿನ ಅರ್ಥ, ಗುಂಡಿ ಬಳಿಯುವ ಕೆಲಸವನ್ನು ತಾನಾಗಿಯೇ ಮಾಡುವ ಆಳು! ಮುಂದೆ 1895ರ ಹೊತ್ತಿಗೆ ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಡೊನಾಲ್ಡ್ ಕ್ಯಾಮರಾನ್ ದೊಡ್ಡ ಅಳತೆಯಲ್ಲಿ ಇದನ್ನು ಕಟ್ಟಿ 'ಸೆಪ್ಟಿಕ್' ಎಂದು ಹೆಸರಿಟ್ಟ. ಕೊಳೆಯುವುದು ಎಂಬ ಅರ್ಥದ ಗ್ರೀಕ್ ಮೂಲದ ಪದ ಅದು.

ನಮ್ಮಲ್ಲಿ ಹಾಗಾಗಲಿಲ್ಲ. ಪಟ್ಟಣಗಳಲ್ಲಿ ಒಣ ಪಾಯಿಖಾನೆ ಉಳಿದವು, ಅದನ್ನು ಬಳಿದು ತಲೆ ಮೇಲೆ ಹೊರುವ ಜನವೂ ಉಳಿದರು. ಕರ್ನಾಟಕದಲ್ಲಿ ಇದನ್ನು ನಿಲ್ಲಿಸಲು ಹೊರಟವರು ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ. 1970ರ ದಶಕದ ಆರಂಭದಲ್ಲೇ ಅವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶಕ್ಕೆ ಕಾಯ್ದೆ ಬರಲು 1993 ಆಗಬೇಕಾಯಿತು. ಅಷ್ಟಾದ ಮೇಲೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ ಚಿತ್ರ ನೋಡಿದವರು ಮರೆತಿರಲಾರರು.

ಬುಟ್ಟಿಯೇನೋ ತಲೆಯಿಂದ ಇಳಿಯಿತು. ಆದರೆ ಅದೇ ಜನ ಗುಂಡಿಯೊಳಗೆ ಇಳಿಯುವಂತಾಯಿತು. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ತುಂಬಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದು. ಪ್ರಮಾಣ ಹೆಚ್ಚಾದರೆ ಮೂಗು ವಾಸನೆಯನ್ನೇ ಗುರುತಿಸುವುದಿಲ್ಲ, ಮನುಷ್ಯ ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ನಮ್ಮ ಪತ್ರಿಕೆಗಳಲ್ಲಿ ಇದು 'ಉಸಿರುಗಟ್ಟಿ ಇಬ್ಬರ ಸಾವು' ಎಂಬ ನಾಲ್ಕು ಸಾಲಿನ ಸುದ್ದಿ. ಗುಂಡಿ ಯಾಕೆ ಕಟ್ಟಿಕೊಂಡಿತು ಎಂದು ಆ ಸಾಲುಗಳಲ್ಲಿ ಇರುವುದಿಲ್ಲ.

2013ರ ಕಾಯ್ದೆ ಇದಕ್ಕೂ ಬಂತು. ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸಿದರೆ ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪುರಸಭೆಗೆ ಮಾತ್ರವಲ್ಲ, ಮನೆ ಯಜಮಾನನಿಗೂ ಇದು ಅನ್ವಯ.

ಹಳ್ಳಿಯ ಕಥೆ ಬೇರೆ. ನಾವು ಚೊಂಬು ಹಿಡಿದು ಬಯಲಿಗೆ ಹೋದವರು, ಗುಂಡಿ ನಮಗೆ ಹೊಸದು. 2014ರ ಸ್ವಚ್ಛ ಭಾರತದ 12,000 ರೂಪಾಯಿ ಸಹಾಯಧನ ಬಂದ ಮೇಲೆ ಊರೂರಲ್ಲಿ ಶೌಚಾಲಯ ಎದ್ದವು. ಹಳ್ಳಿಗೆ ಸರ್ಕಾರ ಹೇಳಿದ್ದು ಅವಳಿ ಗುಂಡಿ. ಒಂದು ತುಂಬಿದಾಗ ಚೇಂಬರಿನಲ್ಲಿ ದಾರಿ ಬದಲಿಸಿ ಇನ್ನೊಂದಕ್ಕೆ ಬಿಡಬೇಕು. ಮುಚ್ಚಿಟ್ಟ ಮೊದಲನೆಯದು ಎರಡು ವರ್ಷದಲ್ಲಿ ಒಣ ಗೊಬ್ಬರವಾಗುತ್ತದೆ, ಯಾರೂ ಹೊಲಸು ಮುಟ್ಟಬೇಕಿಲ್ಲ. ಆದರೆ ಬಹಳ ಕಡೆ ಮೇಸ್ತ್ರಿ ರಿಂಗ್ ಇಳಿಸಿ ಒಂದೇ ಆಳದ ಗುಂಡಿ ಮಾಡಿದ. ಆಳಕ್ಕೆ ಹೋದಷ್ಟೂ ಅದು ಅಂತರ್ಜಲಕ್ಕೆ ಹತ್ತಿರ ಎಂಬುದು ಬೇರೆ ಮಾತು.

ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದವರಿಗೆ ಒಂದು ವಿಷಯ ಗೊತ್ತಿರಬೇಕು. ಟ್ಯಾಂಕಿನೊಳಗೆ ಮೂರು ಪದರ: ಮೇಲೆ ಜಿಡ್ಡಿನ ಕೆನೆ, ಕೆಳಗೆ ಗಸಿ, ನಡುವೆ ತಿಳಿನೀರು. ಹೊರಹೋಗುವ ಕಡೆ ಹಾಕುವ ಟಿ ಪೈಪು ನಡುವಿನ ನೀರನ್ನು ಮಾತ್ರ ಬಿಡುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಅದನ್ನೇ ಬಿಟ್ಟರೆ ಕೆನೆಯೂ ಹೊರಬಂದು ಇಂಗುಗುಂಡಿಯ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಹಾಗೆ ಮುಚ್ಚಿದ ಮಣ್ಣು ಮತ್ತೆ ಸುಲಭಕ್ಕೆ ನೀರು ಕುಡಿಯುವುದಿಲ್ಲ. ಮುಟ್ಟಿನ ಪ್ಯಾಡ್, ಗುಟ್ಕಾ ಚೀಟಿ, ಶಾಂಪೂ ಪೌಚು, ಕೂದಲುಂಡೆ, ಕರಿದ ಎಣ್ಣೆ, ಇವನ್ನು ಯಾವ ಜೀವಿಯೂ ಬೇಗ ಕರಗಿಸಲಾರದು. ಪ್ಯಾಡಿಗೆ ಮನೆಯಲ್ಲಿ ಬೇರೆ ಜಾಗ ಮಾಡಿಕೊಡದೆ ಹೆಣ್ಣುಮಕ್ಕಳನ್ನು ಬೈಯುವುದು ಮಾತ್ರ ಅನ್ಯಾಯ. ಇನ್ನು ಘಮಘಮ ಇರಲಿ ಎಂದು ಆ್ಯಸಿಡ್, ಫಿನಾಯಿಲ್ ಬಾಟಲಿಗಟ್ಟಲೆ ಸುರಿದರೆ ಮೂರಾನ 'ಆಳು'ಗಳೇ ಸಾಯುತ್ತಾರೆ. ಸಗಣಿ ಕದಡಿ ಹಾಕುವ ಅಗತ್ಯವೂ ಇಲ್ಲ, ಬೇಕಾದ ಜೀವಿಗಳು ಮಲದಲ್ಲೇ ಇವೆ.

ಇಷ್ಟು ಮಾಡಿದರೂ ಗಸಿ ಕೂರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ, ಕಟ್ಟಿಕೊಳ್ಳುವ ಮೊದಲೇ, ಸಕ್ಕಿಂಗ್ ಮಷಿನ್ ಕರೆಸಿದರೆ ಪೈಪಿನಲ್ಲೇ ಕೆಲಸ ಮುಗಿಯುತ್ತದೆ. ಹತ್ತು ವರ್ಷ ಬಿಟ್ಟರೆ ಗಸಿ ಗಟ್ಟಿಯಾಗಿ ಪೈಪು ಎಳೆಯುವುದಿಲ್ಲ, ಆಗ ಒಬ್ಬನನ್ನು ಸನಿಕೆ ಕೊಟ್ಟು ಇಳಿಸುವ ಮಾತು ಬರುತ್ತದೆ. ಎಳೆದದ್ದನ್ನು ಕೆರೆಗೆ ಬಿಡದಿರಲೂ ದಾರಿಯಿದೆ. 2015ರಲ್ಲಿ ದೇವನಹಳ್ಳಿಯಲ್ಲಿ ಗಸಿ ಸಂಸ್ಕರಣಾ ಘಟಕ ಶುರುವಾಗಿ ಅದರಿಂದ ಗೊಬ್ಬರ ಮಾಡಲಾಯಿತು.

2014ರ ನಂತರ ನಮ್ಮೂರುಗಳಲ್ಲಿ ತೋಡಿದ ಗುಂಡಿಗಳಿಗೆ ಈಗ ಹತ್ತು ವರ್ಷ ಆಗುತ್ತಿದೆ. ನಿಮ್ಮ ಮನೆಯ ಗುಂಡಿ ಯಾವ ವರ್ಷದ್ದು, ಒಳಗೆ ಟಿ ಪೈಪು ಇದೆಯಾ, ಮಷಿನ್ ಬರುವಷ್ಟು ದಾರಿ ಬಿಟ್ಟಿದ್ದೀರಾ? ಕಟ್ಟಿದ ಮೇಸ್ತ್ರಿ ಊರಲ್ಲೇ ಇದ್ದರೆ ಕೇಳಿ ನೋಡಿ.