ಗ್ಯಾರೇಜಿನಲ್ಲಿ ಹುಟ್ಟಿದ ಬಾನುಲಿ

ಹಾಡು ಮುಗಿಯುತ್ತಿದ್ದಂತೆ ಸೋಪಿನ ಹೆಸರೋ ಸೀರೆ ಅಂಗಡಿಯ ಹೆಸರೋ ಬಾನುಲಿಯಲ್ಲಿ ಬಂದರೆ ಇಂದು ಯಾರೂ ಅಚ್ಚರಿಪಡುವುದಿಲ್ಲ. ಆದರೆ ಬಾನುಲಿಯ ಆರಂಭದ ದಿನಗಳಲ್ಲಿ ಅದರ ಮುಂದೆ ದೊಡ್ಡದೊಂದು ಪ್ರಶ್ನೆ ಇತ್ತು. ಗಾಳಿಯಲ್ಲಿ ಬಿಟ್ಟ ದನಿಯನ್ನು ಪೆಟ್ಟಿಗೆ ಇದ್ದವರೆಲ್ಲ ಪುಕ್ಕಟೆಯಾಗಿ ಕೇಳಬಹುದು. ಹಾಗಿದ್ದ ಮೇಲೆ ಹಾಡಿಸುವ ಖರ್ಚನ್ನು ಕೊಡುವವರು ಯಾರು? ಇದಕ್ಕೊಂದು ಉತ್ತರ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಮಗ್ಗುಲಿನ ವಿಲ್ಕಿನ್ಸ್‌ಬರ್ಗ್ ಎಂಬ ಊರಿನಲ್ಲಿ, ಒಬ್ಬರ ಮನೆಯ ಗ್ಯಾರೇಜಿನಲ್ಲಿ, ಯಾರೂ ಹುಡುಕದೆಯೇ ಸಿಕ್ಕಿತು.

ಆ ಗ್ಯಾರೇಜು ಫ್ರ್ಯಾಂಕ್ ಕಾನ್ರಾಡ್ ಅವರದು. ಏಳನೆಯ ತರಗತಿಗೇ ಶಾಲೆ ಬಿಟ್ಟು ವೆಸ್ಟಿಂಗ್‌ಹೌಸ್ ವಿದ್ಯುತ್ ಕಂಪನಿಗೆ ಸೇರಿ, ಕೈಚಳಕದಿಂದಲೇ ದೊಡ್ಡ ಎಂಜಿನಿಯರ್ ಆದವರು ಅವರು. ಅವರಿಗೆ ನಿಸ್ತಂತುವಿನ ಹುಚ್ಚು ಹಿಡಿದದ್ದು ಒಂದು ಪಂಥದಿಂದ. ಯಾರ ಗಡಿಯಾರ ಸರಿಯಾದ ಹೊತ್ತು ತೋರಿಸುತ್ತದೆ ಎಂದು ಸಹೋದ್ಯೋಗಿಯೊಡನೆ ಐದು ಡಾಲರು ಕಟ್ಟಿದರು. ಅದನ್ನು ತೀರ್ಮಾನಿಸಲು ನೌಕಾಪಡೆಯ ಕೇಂದ್ರ ಬಿತ್ತರಿಸುತ್ತಿದ್ದ ಕಾಲಸೂಚನೆಯನ್ನು ಕೇಳುವ ಯಂತ್ರವನ್ನೇ ಕಟ್ಟಿಕೊಂಡರು! 1916ರಲ್ಲಿ 8 ಎಕ್ಸ್ ಕೆ ಎಂಬ ಗುರುತಿನೊಡನೆ ಪ್ರಸಾರದ ಪರವಾನಗಿಯೂ ಸಿಕ್ಕಿತು. ಮರುವರ್ಷ ಅಮೆರಿಕ ಯುದ್ಧಕ್ಕಿಳಿದಾಗ ಹವ್ಯಾಸಿಗಳ ಯಂತ್ರಗಳೆಲ್ಲ ಸರ್ಕಾರದ ಆಜ್ಞೆಯಂತೆ ಬಾಯಿ ಮುಚ್ಚಿದವು.

ನಿರ್ಬಂಧ ತೆರವಾದ ಮೇಲೆ, 1919ರ ಅಕ್ಟೋಬರಿನಲ್ಲಿ, ಕಾನ್ರಾಡ್ ಮೈಕಿನ ಮುಂದೆ ಗ್ರಾಮಫೋನನ್ನು ಇಟ್ಟರು. ಪರೀಕ್ಷೆಗಾಗಿ ಮಾತನಾಡಿ ಮಾತನಾಡಿ ಬೇಸತ್ತವರಿಗೆ ಹಾಡಿನ ತಟ್ಟೆ ಒಂದು ಅನುಕೂಲವಷ್ಟೇ. ಆದರೆ ಸುತ್ತಲಿನ ಹವ್ಯಾಸಿಗಳು ಬಿಡಬೇಕಲ್ಲ! ಅದನ್ನು ಹಾಕಿ, ಇದನ್ನು ಹಾಕಿ ಎಂಬ ಕೋರಿಕೆಯ ಕಾಗದಗಳು ಬರತೊಡಗಿದವು. ಎಲ್ಲರ ಮಾತು ನಡೆಸಲಾಗದೆ, ವಾರಕ್ಕೆ ಎರಡು ಸಂಜೆ ಗೊತ್ತಾದ ಹೊತ್ತಿಗೆ ಕಾರ್ಯಕ್ರಮ ಎಂದು ಸಾರಿದರು. ಮನೆಯಲ್ಲಿದ್ದ ತಟ್ಟೆಗಳು ಬೇಗನೆ ಮುಗಿದವು. ಆಗ ಊರಿನ ಹ್ಯಾಮಿಲ್ಟನ್ ಸಂಗೀತದಂಗಡಿಯವರು ಹೊಸ ತಟ್ಟೆಗಳನ್ನು ಎರವಲು ಕೊಟ್ಟರು. ಪ್ರತಿಯಾಗಿ ಅವರು ಕೇಳಿದ್ದು, ತಮ್ಮ ಅಂಗಡಿಯ ಹೆಸರು ಹೇಳಬೇಕು ಎಂಬುದೊಂದನ್ನೇ. ಗಾಳಿಯಲ್ಲಿ ಕೇಳಿದ ತಟ್ಟೆಗಳು ಉಳಿದವಕ್ಕಿಂತ ಹೆಚ್ಚು ಮಾರಾಟವಾಗುತ್ತಿವೆ ಎಂಬುದು ಅಂಗಡಿಯವರಿಗೆ ಬೇಗನೆ ತಿಳಿಯಿತು. ವಾಣಿಜ್ಯ ಬಾನುಲಿಯ ಬೀಜ ಇದೇ ಎನ್ನಬಹುದು. ಹಣದ ವಿನಿಮಯವಿಲ್ಲ, ಕರಾರು ಪತ್ರವಿಲ್ಲ; ನೆರೆಹೊರೆಯವರ ಕೊಡುಕೊಳೆ ಅಷ್ಟೇ.

ಎರಡನೆಯ ತಿರುವೂ ಅಂಗಡಿಯಿಂದಲೇ ಬಂತು. 1920ರ ಸೆಪ್ಟೆಂಬರ್ 29ರ 'ಪಿಟ್ಸ್‌ಬರ್ಗ್ ಸನ್' ಪತ್ರಿಕೆಯಲ್ಲಿ ಹಾರ್ನ್ ಎಂಬ ದೊಡ್ಡ ಮಳಿಗೆಯವರು, ಕಾನ್ರಾಡರ ಸಂಗೀತ ಕೇಳುವ ಪೆಟ್ಟಿಗೆ ಹತ್ತು ಡಾಲರಿನಿಂದ ಮೇಲಕ್ಕೆ ದೊರೆಯುತ್ತದೆ ಎಂದು ಜಾಹೀರಾತು ಹಾಕಿದರು. ಅದು ವೆಸ್ಟಿಂಗ್‌ಹೌಸಿನ ಉಪಾಧ್ಯಕ್ಷ ಹ್ಯಾರಿ ಡೇವಿಸ್ ಅವರ ಕಣ್ಣಿಗೆ ಬಿತ್ತು. ಯುದ್ಧಕಾಲದಲ್ಲಿ ಸೈನ್ಯಕ್ಕೆ ನಿಸ್ತಂತು ಯಂತ್ರ ಒದಗಿಸಿದ್ದ ಕಂಪನಿಗೆ ಈಗ ಆ ಗಿರಾಕಿ ಇರಲಿಲ್ಲ. ನಿಸ್ತಂತು ಎಂದರೆ ಇಬ್ಬರ ನಡುವಿನ ಗುಟ್ಟಿನ ಮಾತು ಎಂದೇ ಎಲ್ಲರೂ ತಿಳಿದಿದ್ದರು. ಎಲ್ಲರಿಗೂ ಕೇಳಿಸುವುದು ಅದರ ದೋಷವಾಗಿತ್ತು. ಆ ದೋಷವೇ ಬಂಡವಾಳ ಎಂದು ಡೇವಿಸ್ ಕಂಡುಕೊಂಡರು. ದಿನವೂ ದನಿ ಕೇಳಿಸಿದರೆ ಜನ ಪೆಟ್ಟಿಗೆ ಕೊಳ್ಳುತ್ತಾರೆ!

ಮುಂದಿನದೆಲ್ಲ ಅವಸರದಲ್ಲಿ ನಡೆಯಿತು. ಕಾರ್ಖಾನೆಯ ಮಾಳಿಗೆಯ ಮೇಲೊಂದು ಗೂಡು, 100 ವ್ಯಾಟ್ ಶಕ್ತಿಯ ಯಂತ್ರ, ಕೆ.ಡಿ.ಕೆ.ಎ. ಎಂಬ ಗುರುತು. ನವೆಂಬರ್ 2ರ ರಾತ್ರಿ ಹಾರ್ಡಿಂಗ್ ಮತ್ತು ಕಾಕ್ಸ್ ನಡುವಣ ಅಧ್ಯಕ್ಷ ಚುನಾವಣೆಯ ಫಲಿತಾಂಶ ಪ್ರಸಾರವಾಯಿತು. ಇಬ್ಬರು ಅಭ್ಯರ್ಥಿಗಳೂ ಪತ್ರಿಕೆಗಳ ಒಡೆಯರಾಗಿದ್ದರು ಎಂಬುದು ಒಂದು ವಿನೋದ. ಇನ್ನು ಕಾನ್ರಾಡ್? ಯಂತ್ರ ಕೈಕೊಟ್ಟರೆ ಇರಲಿ ಎಂದು ಅವರು ಆ ರಾತ್ರಿ ತಮ್ಮ ಗ್ಯಾರೇಜಿನಲ್ಲೇ ಕಾದು ಕುಳಿತಿದ್ದರು.

ಇದೇ ಮೊದಲ ಕೇಂದ್ರವೇ ಎಂಬ ಜಗಳ ಇನ್ನೂ ತೀರಿಲ್ಲ. ಡೆಟ್ರಾಯಿಟಿನ ಪತ್ರಿಕೆಯೊಂದು ಅದೇ ವರ್ಷದ ಆಗಸ್ಟಿನಲ್ಲೇ ಪ್ರಸಾರ ಆರಂಭಿಸಿತ್ತು. ಆ ಜಗಳಕ್ಕಿಂತ ಲೆಕ್ಕದ ವಿಚಾರ ನನಗೆ ಮುಖ್ಯವಾಗಿ ಕಾಣುತ್ತದೆ. ಕೆ.ಡಿ.ಕೆ.ಎ. ಆಗ ಹೊತ್ತನ್ನು ಮಾರಲಿಲ್ಲ. ಪೆಟ್ಟಿಗೆ ಮಾರಿ ಖರ್ಚು ತೂಗಿಸಿತು. ಆದರೆ ಪೆಟ್ಟಿಗೆಯನ್ನು ಒಂದು ಮನೆಯವರು ಒಮ್ಮೆ ಕೊಳ್ಳುತ್ತಾರೆ, ಹಾಡು ಮಾತ್ರ ದಿನವೂ ಬೇಕು. 1922ರ ಆಗಸ್ಟ್ 28ರಂದು ನ್ಯೂಯಾರ್ಕಿನ ಡಬ್ಲ್ಯು.ಇ.ಎ.ಎಫ್. ಕೇಂದ್ರ ಹಣ ಪಡೆದು, ಮನೆಗಳನ್ನು ಮಾರುವ ಕಂಪನಿಯೊಂದಕ್ಕೆ ಹತ್ತು ನಿಮಿಷ ಮಾತನಾಡಲು ಅವಕಾಶ ಕೊಟ್ಟಿತು. ಹ್ಯಾಮಿಲ್ಟನ್ ಅಂಗಡಿಯ ಎರವಲು ಈಗ ದರಪಟ್ಟಿಯಾಯಿತು.

ನಮ್ಮ ಮೈಸೂರಿನಲ್ಲೂ ಒಬ್ಬರ ಮನೆಯಲ್ಲೇ ಬಾನುಲಿ ಹುಟ್ಟಿತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಸುಮಾರು 30 ವ್ಯಾಟಿನ ಯಂತ್ರದಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದರು. ಅವರ ಬೆನ್ನಿಗೆ ಪೆಟ್ಟಿಗೆ ಮಾರುವ ಕಾರ್ಖಾನೆ ಇರಲಿಲ್ಲ. ಸ್ವಂತ ಹಣ ಮತ್ತು ನಗರಸಭೆಯ ನೆರವಿನಿಂದ ಕೆಲವು ವರ್ಷ ನಡೆದ ಆ ಕೇಂದ್ರವನ್ನು 1942ರಲ್ಲಿ ಮೈಸೂರು ಸಂಸ್ಥಾನ ವಹಿಸಿಕೊಂಡಿತು.