ಗೇಟಿನಾಚೆಯ ಸಂಘ

ಬೆಂಗಳೂರಿನ ಬಿಟಿಎಂ ಎರಡನೇ ಹಂತವನ್ನು ಜನ ಇವತ್ತಿಗೂ ಮೈಕೋ ಲೇಔಟ್ ಎನ್ನುತ್ತಾರೆ. ಬನಶಂಕರಿ ಕಡೆ ಹೋದರೆ ಐಟಿಐ ಲೇಔಟ್ ಸಿಗುತ್ತದೆ. 1951ರಲ್ಲಿ ಹುಟ್ಟಿದ ಆಡುಗೋಡಿಯ ಮೈಕೋ ಕಂಪನಿ, ಸರ್ಕಾರಿ ಒಡೆತನದ ಐಟಿಐ, ಎಚ್‌ಎಎಲ್, ಎಚ್‌ಎಂಟಿಗಳಲ್ಲಿ ದುಡಿದ ಎಷ್ಟೋ ಮಂದಿ ಬಾಡಿಗೆ ಮನೆ ಬಿಟ್ಟು ಸ್ವಂತ ಸೈಟಿಗೆ ಬಂದರು. ಅದರ ಹಿಂದೆ ಯೂನಿಯನ್ ಇತ್ತು. ಕೆಲವು ವರ್ಷಕ್ಕೊಮ್ಮೆ ಅದು ಮಾಡಿಸುತ್ತಿದ್ದ ಸೆಟ್ಲ್‌ಮೆಂಟು, ಪಿಎಫ್, ಕ್ಯಾಂಟೀನು, ಕಂಪನಿ ಬಸ್ಸು ಸೇರಿ ಒಂದು ತಲೆಮಾರು ಮಧ್ಯಮ ವರ್ಗವಾಯಿತು. ಇವತ್ತು ಸಂಘಗಳನ್ನು ಬೈಯುವ ಅನೇಕರ ಕಾಲೇಜು ಫೀಸು ಅಪ್ಪನ ಅರಿಯರ್ಸ್‌ನಿಂದಲೇ ಬಂದದ್ದು.

ಆ ಕಾಲದ ದೊಡ್ಡ ಸೋಲೂ ಇಲ್ಲಿಯದೇ. ಬಿಎಚ್‌ಇಎಲ್‌ಗೆ ಸರಿಸಮನಾದ ವೇತನ ಕೇಳಿ 1980ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಉದ್ಯಮಗಳ ನೌಕರರು ಮುಷ್ಕರಕ್ಕಿಳಿದರು. 77 ದಿನ ಕಳೆದ ಮೇಲೆ ಬೇಡಿಕೆ ಈಡೇರದೆಯೇ ಕೆಲಸಕ್ಕೆ ಮರಳಿದರು.

ಮುಷ್ಕರದಿಂದ ಊರಿಗೆ ತೊಂದರೆ ಎಂಬ ದೂರು ಸುಳ್ಳಲ್ಲ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಎರಡು ವಾರ ಬಸ್ಸು ನಿಲ್ಲಿಸಿದಾಗ ಕಾರಿದ್ದವರಿಗೇನೂ ಆಗಲಿಲ್ಲ. ಆಟೋಗೆ ದಿನಗೂಲಿ ಸುರಿದವರು ಬಡವರೇ. ಆದರೆ ನನ್ನ ಮುಖ್ಯ ತಕರಾರು ಬೇರೆ. ಕಾಯಂ ನೌಕರರ ಸಂಘಗಳು ಕಾರ್ಖಾನೆ ಗೇಟಿನೊಳಗೇ ಉಳಿದುಬಿಟ್ಟವು. ಪಕ್ಕದಲ್ಲೇ ಅದೇ ಕೆಲಸ ಮಾಡುವ ಗುತ್ತಿಗೆಯವನನ್ನು ಬಹುಪಾಲು ಸಂಘಗಳು ತಮ್ಮವನೆಂದು ಎಣಿಸಲಿಲ್ಲ.

ಸಂಘವೇ ಇಲ್ಲದಿದ್ದರೆ? 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣವನ್ನು 58 ವರ್ಷದವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನಾಯಕರಿಲ್ಲದೆಯೇ ಹೊಸೂರು ರಸ್ತೆಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಮಣಿಯಿತು. ಅಂಥ ಗೆಲುವು 77 ದಿನದವರಿಗೂ ಸಿಕ್ಕಿರಲಿಲ್ಲ. ಆದರೂ ಗುಂಪು ಒಂದು ನಿಯಮವನ್ನು ತಡೆಯಬಲ್ಲದು, ವರ್ಷವರ್ಷ ಮ್ಯಾನೇಜ್‌ಮೆಂಟ್ ಎದುರು ಕೂತು ಸಂಬಳ ಮಾತಾಡಲಾರದು.

ಜಯನಗರ, ಜೆ.ಪಿ. ನಗರದ ಮನೆಗೆಲಸದವರ ಪಾಡು ಇನ್ನೂ ಜಟಿಲ. 2004ರಲ್ಲೇ ಕರ್ನಾಟಕ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು; 2009ರಿಂದ ಮನೆಗೆಲಸದವರದೇ ಯೂನಿಯನ್ ಕೂಡ ಇದೆ. ಆದರೆ ನಾಲ್ಕು ಮನೆ ಹಿಡಿದವಳಿಗೆ ನಾಲ್ಕು ಮಾಲೀಕರು. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮನವರು ಸುತ್ತುಹಾಕಿದ ತಾರೀಕುಗಳೇ ಅವಳ ಹಾಜರಿ ಪುಸ್ತಕ. ವಾರದ ರಜೆ, ಹಬ್ಬಕ್ಕೊಂದು ತಿಂಗಳ ಬೋನಸ್ ಕೇಳಿದರೆ ಹಳೇ ಸೀರೆ ಸಿಗುತ್ತದೆ. ಮೈಕೋ ಸೆಟ್ಲ್‌ಮೆಂಟಿನಿಂದ ಎದ್ದ ಮನೆಗಳಲ್ಲೂ ಇದೇ ಕಥೆ.

ಬಿಟಿಎಂನ ಪಿ.ಜಿ.ಗಳಲ್ಲಿರುವ ಟೆಕ್ಕಿಗಳಿಗೆ ಸಂಘ ಅಂದರೆ ಮುಜುಗರವಿತ್ತು. 2017ರಲ್ಲಿ ಐಟಿ ನೌಕರರ ಸಂಘ ಕೆಐಟಿಯು ಹುಟ್ಟಿತು. 2024ರಲ್ಲಿ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾವ ಬಂದಾಗ ಬೀದಿಗಿಳಿದು ವಿರೋಧಿಸಿದ್ದು ಅದೇ. ಡೆಲಿವರಿ ಹುಡುಗರಿಗಂತೂ ಮೇಸ್ತ್ರಿಯೂ ಇಲ್ಲ, ಆ್ಯಪ್ ಇದೆ; ಐಡಿ ಬ್ಲಾಕ್ ಆದರೆ ಕೇಳುವವರಿಲ್ಲ. 2025ರ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕ್ಷೇಮನಿಧಿ ಶುಲ್ಕಕ್ಕೆ ದಾರಿಮಾಡಿ, ಐಡಿ ತೆಗೆಯುವ ಮುನ್ನ ನೋಟಿಸ್ ಕೊಡಬೇಕೆಂದಿದೆ. ಒಂದು ಡೆಲಿವರಿಗೆ ಎಷ್ಟು ರೂಪಾಯಿ ಎಂಬುದನ್ನು ಮಾತ್ರ ಈಗಲೂ ಕಂಪನಿಯೇ ಹೇಳುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, ಸಂಸ್ಥೆಯ ಹಾಜರಿ ಪಟ್ಟಿಯಾದ ಮಸ್ಟರ್ ರೋಲ್‌ನಲ್ಲಿರುವ ಕಾರ್ಮಿಕರ ಪೈಕಿ ಶೇ 51ರ ಬೆಂಬಲವಿರುವ ಸಂಘಕ್ಕೆ ಮಾತುಕತೆಯ ಏಕೈಕ ಹಕ್ಕು ಕೊಡುತ್ತದೆ. ನಾಲ್ಕು ಮನೆಯವಳ ಹೆಸರಾಗಲಿ, ಎರಡು ಆ್ಯಪ್‌ಗೆ ಓಡಾಡುವವನ ಹೆಸರಾಗಲಿ ಯಾವ ಮಸ್ಟರ್ ರೋಲ್‌ನಲ್ಲೂ ಇಲ್ಲ.